ಬಿಟ್ಟಿ ಸಿಂಹಾಸನದ ಅರ್ಥಶಾಸ್ತ್ರ

ಪದೇ ಪದೇ ವಿಮಾನ ಹತ್ತುವವರಿಗೆ ಹಾರಿದ ದೂರಕ್ಕೆ ತಕ್ಕಂತೆ ಅಂಕ ಕೊಟ್ಟು, ಆ ಅಂಕಗಳಿಗೆ ಬದಲಾಗಿ ಮುಂದೊಮ್ಮೆ ಟಿಕೆಟ್ ಕೊಡುವ ‘ಅಡ್ವಾಂಟೇಜ್’ ಯೋಜನೆಯನ್ನು ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ಆರಂಭಿಸಿದಾಗ, ಅದು ಮುಂದೆ ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳ ಊಟ, ಖರೀದಿ, ಮದುವೆಗಳನ್ನೆಲ್ಲ ಆಳುವ ಶಾಸ್ತ್ರವಾದೀತೆಂದು ಯಾರೂ ಎಣಿಸಿರಲಿಲ್ಲ.

ಈ ಶಾಸ್ತ್ರದ ಮೊದಲ ಸೂತ್ರವೆಂದರೆ, ಪಾಯಿಂಟ್ ಎಂದು ಕರೆಯಲಾಗುವ ಈ ಅಂಕಗಳನ್ನು ಗಳಿಸಲು ಹಾರಲೇಬೇಕೆಂದಿಲ್ಲ. ಹೊಸ ಕ್ರೆಡಿಟ್ ಕಾರ್ಡು ಪಡೆದು ಗೊತ್ತುಪಡಿಸಿದ ತಿಂಗಳೊಳಗೆ ಗೊತ್ತುಪಡಿಸಿದಷ್ಟು ಖರ್ಚು ಮಾಡಿದರೆ ರಾಶಿ ಪಾಯಿಂಟ್ ಒಟ್ಟಿಗೆ ಬೀಳುವುದರಿಂದ, ಹೋಟೆಲಿನ ಬಿಲ್ಲು ಬಂದೊಡನೆ ‘ನಾನು ಕೊಡುತ್ತೇನೆ’ ಎಂದು ಕಾರ್ಡು ಚಾಚಿ, ಉಳಿದವರಿಂದ ಅವರವರ ಪಾಲನ್ನು ಆಮೇಲೆ ವಸೂಲು ಮಾಡುವ ಗೃಹಸ್ಥನ ಔದಾರ್ಯವನ್ನು ಈ ಹಿನ್ನೆಲೆಯಲ್ಲೇ ಅರಿಯಬೇಕು. ಈ ಪಂಥದ ಆದಿಪುರುಷನೆನ್ನಬಹುದಾದ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್, 1999ರಲ್ಲಿ 12,150 ಕಪ್ ಪುಡ್ಡಿಂಗ್ ಕೊಂಡು, ಅವುಗಳ ಚೀಟಿಗಳಿಂದ ಹನ್ನೆರಡು ಲಕ್ಷಕ್ಕೂ ಮಿಕ್ಕಿ ಮೈಲಿಯ ಅಂಕ ಗಳಿಸಿದ.

ಎರಡನೆಯದು ಕಾಲಸೂತ್ರ. ಪಾಯಿಂಟಿಗೆ ದಕ್ಕುವ ಬಿಸಿನೆಸ್ ಕ್ಲಾಸ್ ಸೀಟುಗಳು ಬೆರಳೆಣಿಕೆಯಷ್ಟಿದ್ದು, ಹಲವು ಸಂಸ್ಥೆಗಳಲ್ಲಿ ಪ್ರಯಾಣಕ್ಕೆ ಸುಮಾರು ಹನ್ನೊಂದು ತಿಂಗಳು ಮೊದಲೇ ತೆರೆಯುವ ಕಾರಣ, ಊರಾದ ಉಡಿಗಾಲದಲ್ಲಿ ತಮ್ಮನ ಮದುವೆಗೆ ಮುಹೂರ್ತ ಕೇಳಲು ಹೋದ ಹಿರಿಯರ ಕೈಗೆ ಮುಂದಿನ ಯುಗಾದಿಯ ಪಂಚಾಂಗ ಬರುವ ಮೊದಲೇ ಅಣ್ಣನ ಸೀಟು ನಿಗದಿಯಾಗಿರುತ್ತದೆ. ಗುರುಬಲ ಕೂಡಿಬಂದರೂ ಸೀಟುಬಲವಿಲ್ಲದ ಲಗ್ನ ತಾನಾಗಿಯೇ ಬಿದ್ದುಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾ 2021ರ ಜನವರಿಯಲ್ಲಿ ನೇರ ವಿಮಾನ ಆರಂಭಿಸಿ ಪಯಣವನ್ನು ಸುಮಾರು 17 ಗಂಟೆಗಿಳಿಸಿದಾಗಲೂ, ಬಿಟ್ಟಿ ಸುಖ ಸಿಗುವುದಾದರೆ ಎರಡು ಕಡೆ ವಿಮಾನ ಬದಲಿಸಿ ಒಂದು ರಾತ್ರಿ ಹೆಚ್ಚು ಅಲೆಯುವುದಕ್ಕೆ ಈ ಪಂಥದಲ್ಲಿ ಆಕ್ಷೇಪವಿರಲಿಲ್ಲ.

ಮಗನ ಮನೆಯಿಂದ ಮರಳುವ ಅವ್ವನಿಗೆ ಈ ಸುಖವನ್ನು ಉಣಿಸುವುದು ಶಾಸ್ತ್ರದ ಪರಮೋದ್ದೇಶ. ಗುಂಡಿಯೊತ್ತಿದರೆ ಹಾಸಿಗೆಯಾಗುವ ಆಸನದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ ಆಕೆ, ಗಗನಸಖಿ ಇಕ್ಕಳದಲ್ಲಿ ಹಿಡಿದು ತಂದ ಬಿಸಿ ಟವೆಲನ್ನು ತಿನ್ನುವುದೋ ಒರೆಸಿಕೊಳ್ಳುವುದೋ ತಿಳಿಯದೆ, ‘ಇದ್ಕೂ ಕಾಸ್ ಇಸ್ಕತರಾ ಮಗಾ?’ ಎಂದು ಕೇಳುತ್ತಾಳೆ. ‘ಎಲ್ಲಾ ಅದ್ರಲ್ಲೇ ಸೇರ್ಕಂಡದ ಕಣವ್ವ’ ಎಂಬ ಅಭಯ ಸಿಕ್ಕ ಮೇಲೆ, ಶಾಂಪೇನ್ ಒಂದನ್ನು ಬಿಟ್ಟು ಬಂದದ್ದನ್ನೆಲ್ಲ ಸ್ವೀಕರಿಸಿ, ಗೋಡಂಬಿಯನ್ನು ಮೊಮ್ಮಕ್ಕಳಿಗೆಂದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ.

ಸಮಸ್ಯೆ ಏಳುವುದು ಊರಿನಲ್ಲಿ. ಅರಿಶಿನ ಒಣಹಾಕಿದ ಕಣದಲ್ಲಿ ನೆಂಟರು ‘ಟಿಕೀಟ್‌ಗೆ ಏಟು ಕೊಟ್ಟೆ ಮಗಾ?’ ಎಂದು ಕೇಳಿದಾಗ, ಲಕ್ಷಗಳ ಲೆಕ್ಕ ಹೇಳಿದರೆ ದುಂದುಗಾರನೆಂಬ ಹೆಸರು ಬರುತ್ತದೆ. ಬಿಟ್ಟಿಯೆಂದರೆ ಸೀಟು ಹಿಂದಿನ ಸಾಲಿನದೆಂಬ ಅನುಮಾನ ಹುಟ್ಟುತ್ತದೆ. ಆದ್ದರಿಂದ ಅನುಭವಿಗಳು ಮೊದಲು ಸೀಟಿನ ಪೂರ್ತಿ ಬೆಲೆಯನ್ನು ಗಟ್ಟಿಯಾಗಿ ಹೇಳಿ, ಕೇಳಿದವರ ಬಾಯಿ ತೆರೆದಿರುವಾಗಲೇ, ಅದರಲ್ಲಿ ಒಂದು ಕಾಸೂ ಕೊಡಲಿಲ್ಲವೆಂದು ಸೇರಿಸುತ್ತಾರೆ. ಕೊಡಲೇಬೇಕಾಗಿ ಬಂದ ತೆರಿಗೆ, ಸರ್‌ಚಾರ್ಜುಗಳ ವಿಷಯದಲ್ಲಿ ಮಾತ್ರ ಶಾಸ್ತ್ರಕಾರರು ಮೌನವಾಗಿದ್ದಾರೆ.