ಭಾವನ ಕ್ಯಾಮೆರಾ ಇನ್ನೂ ಬಂದಿಲ್ಲ

ಮದುವೆಮನೆಯಲ್ಲಿ ಧಾರೆಯ ಹೊತ್ತಿಗೆ ಫೋಟೊಗ್ರಾಫರ್ ಕಾಣೆಯಾದರೆ ನಾವು ಗಾಬರಿಯಾಗುವುದಿಲ್ಲ. ನಮ್ಮ ಭಾವ ಅವನನ್ನು ಊಟದ ಹಾಲಿನ ಮೂಲೆಗೆ ಕರೆದೊಯ್ದು, ‘ಇದರ ಬಾಡಿ ಎಷ್ಟು ಗ್ರಾಂ?’ ಎಂದು ವಿಚಾರಿಸುತ್ತಿರುತ್ತಾರೆ.

ಭಾವನ ಹತ್ತಿರ ಕ್ಯಾಮೆರಾ ಇಲ್ಲ. ಯಾವ ಕ್ಯಾಮೆರಾದಲ್ಲಿ ಏನಿಲ್ಲ ಎಂಬುದು ಮಾತ್ರ ಬಾಯಿಪಾಠ. ಅಕ್ಕ ಬದನೆಕಾಯಿ ಆರಿಸುವಂತೆ ಒಂದೊಂದನ್ನೂ ತಿರುಗಿಸಿ ತಿರುಗಿಸಿ ಹುಳುಕು ಹುಡುಕುತ್ತಾರೆ. ಅಕ್ಕ ಕೊನೆಗೆ ಅರ್ಧ ಕೆಜಿಯಾದರೂ ತರುತ್ತಾಳೆ, ಭಾವನದು ಬರಿಗೈ.

ಅವರ ಬೇಡಿಕೆ ದೊಡ್ಡದೇನಲ್ಲವಂತೆ. ಮಿರರ್‌ಲೆಸ್ ಆಗಿರಬೇಕು, ಜುಬ್ಬದ ಜೇಬಿಗೆ ಇಳಿಯಬೇಕು. ಎಡಮೂಲೆಯಲ್ಲಿ ವ್ಯೂಫೈಂಡರ್, ಹೆಬ್ಬೆರಳಿಗೊಂದು ಜಾಯ್‌ಸ್ಟಿಕ್, ಎರಡು ಕಾರ್ಡ್ ಸ್ಲಾಟ್, ಕೈ ನಡುಗಿದರೂ ಚಿತ್ರ ಅಲುಗದಂತೆ ಸೆನ್ಸರನ್ನೇ ಸರಿದೂಗಿಸುವ ಐಬಿಸ್, ದಿನವಿಡೀ ಬಾಳುವ ಬ್ಯಾಟರಿ. ತೂಕ ಮುನ್ನೂರು ಗ್ರಾಂ ದಾಟಕೂಡದು.

2020ರಲ್ಲಿ ಸೋನಿ ಎ7ಸಿ ಬಂತು. ಫುಲ್‌ಫ್ರೇಮ್ ಸೆನ್ಸರ್, ಐಬಿಸ್ ಎರಡನ್ನೂ 509 ಗ್ರಾಂಗೆ ಅಡಕಿಸಿದ್ದರು. ‘ಮುಂದುಗಡೆ ಡಯಲ್ಲೇ ಇಲ್ಲ, ತೋರುಬೆರಳು ಸುಮ್ಮನೆ ಕೂತಿರಬೇಕಾ?’ ಎಂದರು. 2023ರ ಎ7ಸಿ ಟೂಗೆ ಆ ಡಯಲ್ ಬಂತು, ತೂಕ ಏರಿದ್ದು ಐದೇ ಗ್ರಾಂ. ಓಡಿಹೋಗಿ ಸುದ್ದಿ ಮುಟ್ಟಿಸಿದೆ. ‘ಜಾಯ್‌ಸ್ಟಿಕ್ ಎಲ್ಲಯ್ಯ? ಕಾರ್ಡ್ ಸ್ಲಾಟ್ ನೋಡು, ಈಗಲೂ ಒಂದೇ!’

2024ರ ಪ್ಯಾನಸೋನಿಕ್ ಎಸ್9ರಲ್ಲಿ ವ್ಯೂಫೈಂಡರೂ ಇಲ್ಲ, ಮೆಕ್ಯಾನಿಕಲ್ ಶಟರೂ ಇಲ್ಲ. ಆ ವಾರವೆಲ್ಲ ಭಾವ ಬಹಳ ಲವಲವಿಕೆಯಿಂದಿದ್ದರು. ಅದೇ ಕಂಪನಿಯ 2018ರ ಜಿಎಕ್ಸ್9 ನೆನೆದರೆ ಮಾತ್ರ ಗಂಟಲು ಕಟ್ಟುತ್ತದೆ. ಅದರ ವ್ಯೂಫೈಂಡರನ್ನು ಮೇಲಕ್ಕೆತ್ತಿ, ತಲೆ ಬಗ್ಗಿಸಿ ನೋಡಬಹುದಿತ್ತು.

‘ಅಂಗಡಿಯಲ್ಲಿದ್ದಾಗ ಯಾಕೆ ತಗೊಳ್ಳಲಿಲ್ಲ ಭಾವ?’

‘ಆಗ ಸೆನ್ಸರ್ ಚಿಕ್ಕದು ಅನ್ನಿಸ್ತು ಕಣಯ್ಯ.’

ಸೆನ್ಸರ್ ಚಿಕ್ಕದಾದ್ದರಿಂದಲೇ ಲೆನ್ಸೂ ಚಿಕ್ಕದಾಗಿ, ಒಟ್ಟು ಸರಂಜಾಮು ಒಂದು ಚೀಲಕ್ಕೆ ಹಿಡಿಯುವುದು ಎಂಬುದನ್ನು ನನಗೆ ಹೇಳಿಕೊಟ್ಟವರೂ ಅವರೇ.

ಫ್ಯೂಜಿಫಿಲ್ಮ್ ಎಕ್ಸ್-ಇ4 ಬಂದದ್ದು 2021ರಲ್ಲಿ, 364 ಗ್ರಾಂ. ‘ಐಬಿಸ್ ಇಲ್ಲ’ ಎಂದು ಕೈಬಿಟ್ಟರು. 2025ರ ಎಕ್ಸ್-ಇ5ಗೆ ಐಬಿಸ್ ಕೊಟ್ಟರು, ತೂಕ 445 ಆಯಿತು. ‘ಎಂಬತ್ತೊಂದು ಗ್ರಾಂ ಜಾಸ್ತಿ! ಕತ್ತಿಗೆ ನೇತುಹಾಕೋದು ನಾನೋ ಅವರೋ?’ ಹಾಗೆ ಕೇಳುವಾಗ ಅವರ ಕೈಯಲ್ಲಿ ಎರಡು ಕೆಜಿ ಸೋನಾಮಸೂರಿ ಚೀಲವಿತ್ತು.

ಕೊನೆಗೊಮ್ಮೆ ಕೇಳಿಯೇಬಿಟ್ಟೆ: ‘ಭಾವ, ನೀವು ಹೇಳಿದ್ದೆಲ್ಲ ಇರುವ ಕ್ಯಾಮೆರಾ ನಾಳೆಯೇ ಬಂದುಬಿಟ್ಟರೆ?’

ಭಾವನ ಮುಖ ಕಳೆಗುಂದಿತು.

‘ಹಾಗಾದ್ರೆ ತಗೊಳ್ಳಲೇಬೇಕಾಗುತ್ತೆ. ಆಮೇಲೆ ಫೋಟೊ ಚೆನ್ನಾಗಿ ಬರದಿದ್ರೆ ಯಾರನ್ನಯ್ಯ ಬೈಯೋದು?’