ಶೇ. 90 ಮುಗಿದ ಪಿಚ್ಚರ್

"ನಿಮ್ಮ ಪಿಚ್ಚರ್ ಎಲ್ಲಿಗೆ ಬಂತೋ?" ಎಂದು ಭದ್ರಾವತಿಯ ಅಜ್ಜ ಕೇಳಿದರೆ, ಶಿವಮೊಗ್ಗದಲ್ಲಿ ಓದುವ ಮೊಮ್ಮಗ "90 ಪರ್ಸೆಂಟ್ ಆಯ್ತು ಅಜ್ಜ" ಅನ್ನುತ್ತಾನೆ. "ಯಾವ ಸೀನು ತೆಗೆದ್ರಿ?" "ಸೀನ್ ಇನ್ನೂ ಇಲ್ಲ, ಚಾರ್ಟ್ ಮುಗೀತು." ಇದರಲ್ಲಿ ನಗುವಂಥದ್ದೇನಿದೆ? ಹುಡುಗರ ಸಿನಿಮಾ ಯೋಜನೆಯ ಚಾರ್ಟಿನಲ್ಲಿರುವುದು ಹತ್ತು ಕೆಲಸ. ತಂಡದ ಹೆಸರು, ಲೋಗೊ, ಪೋಸ್ಟರ್, ವಾಟ್ಸಾಪ್ ಗುಂಪು, ಆ ಗುಂಪಿನಲ್ಲಿ ಮುನಿಸಿಕೊಂಡವರದೊಂದು ಗುಂಪು, ಹೀಗೆ ಒಂಬತ್ತು ಮುಗಿದು 'ಚಿತ್ರೀಕರಣ' ಒಂದೇ ಉಳಿದರೆ ಲೆಕ್ಕ 90 ತಾನೆ? ತೀರ್ಥಹಳ್ಳಿ ತಾಲೂಕಿನ ಗಿರೀಶ ಕಾಸರವಳ್ಳಿ ವಿದ್ಯಾರ್ಥಿಯಾಗಿದ್ದಾಗಲೇ ಪುಣೆಯಲ್ಲಿ 'ಅವಶೇಷ್' ಮಾಡಿ ರಾಷ್ಟ್ರಪ್ರಶಸ್ತಿ ಪಡೆದರಲ್ಲ, 1977ರ 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲವೂ ಬಂತಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ಆಗ ಬಣ್ಣಬಣ್ಣದ ಚಾರ್ಟ್ ಎಲ್ಲಿತ್ತು? ಪಾಪ, ಅವರು ಸಿನಿಮಾನೇ ಮಾಡಬೇಕಾಯಿತು.

ಅನುಭವಸ್ಥರ ಮಾತಿಗೂ ಬೆಲೆ ಕೊಡಬೇಕು ಎಂಬುದು ಇನ್ನೊಂದು ಆಕ್ಷೇಪ. ಹುಡುಗರು ಕೊಟ್ಟೇ ಇದ್ದಾರೆ. "1923ರಿಂದ ಕಬ್ಬಿಣ ಕರಗಿಸಿದ ಊರು ಕಣೋ ನಮ್ದು. ಕಾದಾಗಲೇ ಬಡೀಬೇಕು" ಎಂದರೆ, "ನಾವೂ ಕಾದಿದೀವಿ ಅಜ್ಜ, ಸರ್ ಸಹಿಗೆ ಎರಡು ತಿಂಗಳಿಂದ" ಎಂಬ ಉತ್ತರ ಸಿದ್ಧ. "ನಮ್ಮೂರ ಪೇಪರ್ ಮಿಲ್ ನಿಂತು ವರ್ಷಗಳಾದ್ವು, ಇಷ್ಟೊಂದು ಪ್ಲಾನಿಗೆ ಕಾಗದ ಎಲ್ಲಿ ಸಿಗುತ್ತೋ?" "ಈಗೆಲ್ಲ ಮೊಬೈಲಲ್ಲೇ ಅಜ್ಜ." "ಅದರಲ್ಲಿ ಕ್ಯಾಮೆರಾನೂ ಇರುತ್ತಂತಲ್ಲ ಮಾರಾಯ?" "ಇದ್ಯಲ್ಲ! ಪ್ರತಿ ಮೀಟಿಂಗಿಗೂ ಒಂದು ಗ್ರೂಪ್ ಫೋಟೊ ತೆಗೀತೀವಿ."