ಬೀಗ ಹಾಕಿದಿರಿ, ಬಿಲ್ ಕೇಳಿದಿರಾ?

ಆರೋಗ್ಯ ಇಲಾಖೆಯ ಮಾನ್ಯ ದಾಳಿ ತಂಡದವರಿಗೆ ನಮಸ್ಕಾರ.

ನಕಲಿ ವೈದ್ಯನ ಕ್ಲಿನಿಕ್‌ಗೆ ಬೀಗಮುದ್ರೆ ಎಂದು ಇವತ್ತೂ ಪೇಪರಿನಲ್ಲಿ ಬಂದಿದೆ. ಅದೇ ಸುದ್ದಿ, ಅದೇ ಫೋಟೊ. ಅರ್ಧ ಎಳೆದ ಷಟರು, ಅದರ ಮುಂದೆ ಸಾಲಾಗಿ ನಿಂತ ಅಧಿಕಾರಿಗಳು, ಮೇಜಿನ ಮೇಲೆ ಹಬ್ಬದ ಗೊಂಬೆಗಳ ಹಾಗೆ ಜೋಡಿಸಿಟ್ಟ ಇಂಜೆಕ್ಷನ್ ಬಾಟಲಿಗಳು. ಊರಿನ ಹೆಸರು ಮಾತ್ರ ಬೇರೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದೀರಿ, ಬಾಟಲಿಗಳನ್ನು ಒಬ್ಬರೂ ನೋಡುತ್ತಿಲ್ಲ. ನನ್ನ ತಕರಾರು ಇಷ್ಟೇ.

ಕಾನೂನಿಲ್ಲ ಎಂದು ನಿಮ್ಮನ್ನು ಯಾರೂ ದೂರುವಂತಿಲ್ಲ. ಇದೆ, ಅಟ್ಟದ ತುಂಬ ಇದೆ. 1956ರ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆಯಡಿ ನೋಂದಣಿಯಿಲ್ಲದೆ ಚಿಕಿತ್ಸೆ ಕೊಟ್ಟವನಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದಿತ್ತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ ದಂಡದ ಮಿತಿಯನ್ನು 5 ಲಕ್ಷಕ್ಕೆ ಏರಿಸಿತು. ಐನೂರು ಪಟ್ಟು! ಆದರೆ ಕೇಸು ಕೋರ್ಟಿನಲ್ಲಿ ನಿಂತರೆ ತಾನೇ ದಂಡಕ್ಕೆ ಹೆದರುವುದು? ನಿನ್ನೆ ಅವನ ಕೈಯಲ್ಲಿ ಜ್ವರ ಇಳಿಸಿಕೊಂಡವರೇ ನಾಳೆ ಬಂದು ಅವನ ವಿರುದ್ಧ ಸಾಕ್ಷಿ ಹೇಳಬೇಕು. ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಇದೆ. ಅದರ ನೋಂದಣಿ ಸಂಖ್ಯೆಯನ್ನು ಬೋರ್ಡಿನಲ್ಲಿ ಬರೆಯಬೇಕು, ಅಲೋಪಥಿಯದಾದರೆ ನೀಲಿ ಬೋರ್ಡು, ಆಯುರ್ವೇದದ್ದಾದರೆ ಹಸಿರು ಎಂದು 2024ರಲ್ಲಿ ಹೊಸ ಅಪ್ಪಣೆಯಾಯಿತು. ಡಾಕ್ಟರ್ ವೇಷವನ್ನೇ ಹಾಕಿದವನಿಗೆ ಒಂದು ಡಬ್ಬಿ ನೀಲಿ ಪೇಂಟ್ ದೊಡ್ಡದೇ? ಬೋರ್ಡಿನ ಅಕ್ಷರಗಳ ಕಥೆಯೂ ಇಷ್ಟೇ. ಕಾನೂನಿನಲ್ಲಿ ಆರ್‌ಎಂಪಿ ಎಂದರೆ ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟಿಷನರ್. ಊರಿನ ಬೋರ್ಡಿನಲ್ಲಿ ಅದು ರೂರಲ್ ಮೆಡಿಕಲ್ ಪ್ರಾಕ್ಟಿಷನರ್. ಓದಿದ ಡಾಕ್ಟರುಗಳನ್ನು ಹಳ್ಳಿಗೆ ಕಳಿಸಲು ಸರ್ಕಾರ ಕಡ್ಡಾಯ ಸೇವೆಯ ಕಾಯ್ದೆಯನ್ನೇ ಮಾಡಬೇಕಾಯಿತು. ‘ಆರ್’ ಅಕ್ಷರ ಮಾತ್ರ ಯಾರ ಬಲವಂತವೂ ಇಲ್ಲದೆ ತಾನಾಗಿ ಹೋಗಿ ಅಲ್ಲಿ ನೆಲೆಸಿತು.

ಬೋರ್ಡು ಬಿಟ್ಟು ಒಳಗೆ ಬನ್ನಿ. ಒಂದು ಬೆಂಚು, ಕಿಟಕಿಯ ಸರಳಿಗೆ ತೂಗುಹಾಕಿದ ಸಲೈನ್ ಬಾಟಲಿ, ಪೇಪರ್ ಚೂರಿನಲ್ಲಿ ಕಟ್ಟಿಕೊಡುವ ಮೂರು ಬಣ್ಣದ ಮಾತ್ರೆ. ಬೆಳಿಗ್ಗೆ ಸೂಜಿ ಚುಚ್ಚಿಸಿಕೊಂಡ ಅಜ್ಜಿಯ ಮಂಡಿನೋವು ಸಂಜೆಗೆ ಮಾಯ. ಡಾಕ್ಟರ ಕೈಗುಣ ಎನ್ನುತ್ತದೆ ಊರು. ಆ ಕೈಗುಣದ ಹೆಸರು ಎಷ್ಟೋ ಸಲ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್. ಅದು ಗಿಡದಲ್ಲಿ ಬಿಡುವುದಿಲ್ಲ. ಔಷಧ ನಿಯಮಗಳ ಪ್ರಕಾರ ಸಗಟು ವ್ಯಾಪಾರಿ ಇಂಥ ಔಷಧವನ್ನು ಲೈಸೆನ್ಸ್ ಇದ್ದ ಅಂಗಡಿಗೋ ಆಸ್ಪತ್ರೆಗೋ ನೋಂದಾಯಿತ ವೈದ್ಯರಿಗೋ ಮಾತ್ರ ಕೊಡಬೇಕು, ಬಿಲ್‌ನಲ್ಲಿ ಬ್ಯಾಚ್ ನಂಬರ್ ಬರೆಯಬೇಕು. ಸೆಫ್ಟ್ರಿಯಾಕ್ಸೋನ್‌ನಂಥ ಆ್ಯಂಟಿಬಯಾಟಿಕ್‌ಗಳು 2014ರ ಮಾರ್ಚ್‌ನಿಂದ ಎಚ್1 ಪಟ್ಟಿಯಲ್ಲಿವೆ. ಬರೆದುಕೊಟ್ಟ ವೈದ್ಯರು ಯಾರು, ರೋಗಿ ಯಾರು, ಕೊಟ್ಟದ್ದೆಷ್ಟು ಎಂದು ಅಂಗಡಿಯವನು ಬೇರೆಯದೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಅಂದಮೇಲೆ ನಕಲಿ ವೈದ್ಯನ ಚೀಲಕ್ಕೆ ಬಂದ ಒಂದೊಂದು ಬಾಟಲಿಯ ಹಿಂದೆಯೂ ಲೈಸೆನ್ಸ್ ಇದ್ದವನೊಬ್ಬನ ಸುಳ್ಳು ಬಿಲ್ ಇದೆ, ಇಲ್ಲವೇ ಬಿಲ್ಲೇ ಇಲ್ಲದ ವ್ಯಾಪಾರವಿದೆ. ಅಜ್ಜಿ ಸಾಕ್ಷಿ ಹೇಳಲಿಕ್ಕಿಲ್ಲ. ಬ್ಯಾಚ್ ನಂಬರ್ ಹೇಳುತ್ತದೆ, ಊರಿನವರ ಮುಲಾಜು ಅದಕ್ಕಿಲ್ಲ.

‘ಅವನನ್ನೂ ಓಡಿಸಿದರೆ ರಾತ್ರಿ ಹೊತ್ತು ಜನ ಎಲ್ಲಿಗೆ ಹೋಗಬೇಕು?’ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಅಲೋಪಥಿ ವೈದ್ಯರೆಂದು ಹೇಳಿಕೊಂಡವರಲ್ಲಿ ಶೇ. 57.3ರಷ್ಟು ಮಂದಿಗೆ ವೈದ್ಯಕೀಯ ಅರ್ಹತೆಯೇ ಇರಲಿಲ್ಲ ಎಂದು 2001ರ ಜನಗಣತಿಯನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವರದಿ ಹೇಳಿತ್ತು. ಆ ವರದಿ ತಪ್ಪು ಎಂದು 2018ರಲ್ಲಿ ಲೋಕಸಭೆಗೆ ಹೇಳಿದ ಕೇಂದ್ರ ಸರ್ಕಾರ, 2019ರಲ್ಲಿ ಹೊಸ ಕಾಯ್ದೆಯನ್ನು ಸಮರ್ಥಿಸಿಕೊಳ್ಳಲು ಅದೇ 57.3ನ್ನು ಮುಂದಿಟ್ಟಿತು. ಅಂಕಿಗೂ ಕೈಗುಣ ಇರುತ್ತದೆ, ಬೇಕಾದಾಗ ವಾಸಿಮಾಡುತ್ತದೆ. ಇಷ್ಟು ಜನರನ್ನು ಜೈಲಿಗೆ ತುಂಬಲಾಗದು, ತರಬೇತಿ ಕೊಡೋಣ ಎನ್ನುವವರಿಗೂ ಉತ್ತರ ಸಿಕ್ಕಿದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್‌ನಲ್ಲಿ ಇಂಥವರಿಗೆ ಒಂಬತ್ತು ತಿಂಗಳು ಪಾಠ ಹೇಳಿ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ರೋಗ ನಿಭಾಯಿಸುವುದು ಸುಧಾರಿಸಿತು, ಅನಗತ್ಯ ಔಷಧ ಕೊಡುವುದು ಮಾತ್ರ ಕಡಿಮೆಯಾಗಲಿಲ್ಲ. ಆದ್ದರಿಂದ ತರಬೇತಿ ಕೊಡುತ್ತೀರೋ, ರಾತ್ರಿಯೂ ಬಾಗಿಲು ತೆರೆದಿರುವ ಆಸ್ಪತ್ರೆ ಕೊಡುತ್ತೀರೋ, ಎರಡನ್ನೂ ಕೊಡಿ. ಆದರೆ ಸ್ಟಿರಾಯ್ಡ್ ಬರುವ ನಲ್ಲಿಯನ್ನು ಮೊದಲು ನಿಲ್ಲಿಸಿ. ಬಡವನಿಗೆ ಡಾಕ್ಟರಿಲ್ಲ ಎಂಬುದು ಅವನಿಗೆ ಡೆಕ್ಸಾ ಚುಚ್ಚಲು ಕಾರಣವಾಗಬಾರದು.

‘ಔಷಧ ನಿಯಂತ್ರಣದವರು ಬೇರೆ, ನಾವು ಬೇರೆ’ ಎನ್ನುತ್ತೀರೇನೋ. ಇಬ್ಬರಿಗೂ ಆರೋಗ್ಯ ಸಚಿವರು ಒಬ್ಬರೇ ಅಲ್ಲವೇ ಸ್ವಾಮಿ? ಸಿಕ್ಕಿಬೀಳುವವನು ಯಾರು, ಉಳಿದುಕೊಳ್ಳುವವನು ಯಾರು ನೋಡಿ. ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮೌನಲ್ಲಿ ಹತ್ತಾರು ಜನರಿಗೆ ಎಚ್‌ಐವಿ ಅಂಟಿದ್ದು 2018ರಲ್ಲಿ ಬೆಳಕಿಗೆ ಬಂತು. ಒಂದೇ ಸಿರಿಂಜನ್ನು ಮತ್ತೆ ಮತ್ತೆ ಬಳಸಿದ ಆರೋಪದ ಮೇಲೆ ಒಬ್ಬ ನಕಲಿ ವೈದ್ಯನನ್ನು ಬಂಧಿಸಿದರು. ಸೂಜಿ ಹಿಡಿದವನು ಜೈಲಿಗೆ. ಅಂಥವನ ಕೈಗೆ ಇಂಜೆಕ್ಷನ್ ಮಾರುವವನು ಗಲ್ಲಾಪೆಟ್ಟಿಗೆಯ ಹಿಂದೆ ಹಾಯಾಗಿ ಕೂತಿರುತ್ತಾನೆ. ಅವನಿಗೆ ಲೈಸೆನ್ಸ್ ಕೊಟ್ಟಿದ್ದು ಸರ್ಕಾರವೇ. ಇದಕ್ಕೆ ನಗಬೇಕು ಎಂದುಕೊಂಡೇ ಪತ್ರ ಶುರುಮಾಡಿದೆ, ನಗು ಬರುತ್ತಿಲ್ಲ. ನೀವು ಬೀಗ ಹಾಕಿದವನು ಪಕ್ಕದ ಊರಿಗೆ ಹೋದರೆ ಅವನಿಗೆ ಬೇಕಾದ್ದು ಒಂದು ಬೆಂಚು, ಒಂದು ಡಬ್ಬಿ ನೀಲಿ ಪೇಂಟ್. ಮಾಲು ಅಲ್ಲಿಗೂ ಅದೇ ಅಂಗಡಿಯಿಂದ ಬರುತ್ತದೆ.

ಮುಂದಿನ ದಾಳಿಯಲ್ಲಿ ಫೋಟೊ ಖಂಡಿತ ತೆಗೆಸಿಕೊಳ್ಳಿ. ಕ್ಯಾಮೆರಾವನ್ನು ಮಾತ್ರ ಸ್ವಲ್ಪ ಕೆಳಗಿಳಿಸಿ, ಬಾಟಲಿಯ ಲೇಬಲ್ ಓದುವಷ್ಟು. ನಿಮ್ಮ ಮುಖ ಬರದಿದ್ದರೂ ಬ್ಯಾಚ್ ನಂಬರ್ ಸ್ಪಷ್ಟವಾಗಿ ಬರಲಿ.

ಇಂತಿ,
ನಿಮ್ಮ ಬೀಗದ ಸುದ್ದಿಗಳ ಖಾಯಂ ಓದುಗ